ಸ್ನೋ ಕಾಲದಲ್ಲಿ ಕಾರಿನ ಮುಂದಿನ ಗ್ಲಾಸ್ ಕ್ಲಿಯರ್ ಆಗಿಡೋದು ಹೇಗೆ? ಅಮೆರಿಕ, ಕೆನಡಾಗೆ ಹೊಸದಾಗಿ ಬಂದ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಅಕ್ಟೋಬರ್ ಮುಗೀತಾ ಬಂತು ಅಂದ್ರೆ ಮಿಶಿಗನ್, ಇಲಿನಾಯ್, ಮಿನೆಸೋಟ, ಒಂಟಾರಿಯೋ ಕಡೆಗೆ ಹೊಸದಾಗಿ ಬಂದಿರೋ ನಮ್ಮೋರು ಸಿಕ್ಕಾಗೆಲ್ಲ ಕೇಳೋದು ಇವೇ ಪ್ರಶ್ನೆಗಳು. ಸ್ನೋ ಟೈರ್ ಬಗ್ಗೆ ಎಲ್ರೂ ಹೇಳಿಕೊಡ್ತಾರೆ, ಆದ್ರೆ ಗ್ಲಾಸ್ ವಿಷಯ ಯಾರೂ ಕೂತು ಹೇಳಲ್ಲ, ಅದೇನು ದೊಡ್ಡ ವಿಷಯ ಅಂತ ಬಿಟ್ಬಿಡ್ತಾರೆ. ಕಣ್ಣಿಗೆ ರೋಡೇ ಕಾಣದೆ ಇದ್ರೆ ಎಂಥ ಟೈರ್ ಹಾಕಿದ್ರೂ ಉಪಯೋಗ ಇಲ್ಲ, ಅದಕ್ಕೇ ಇಲ್ಲಿ ಸ್ವಲ್ಪ ವಿವರವಾಗಿ ಬರೆದಿದ್ದೀನಿ.

ಬೆಳಗ್ಗೆ ಎದ್ದು ನೋಡಿದ್ರೆ ಕಾರ್ ಪೂರ್ತಿ ಸ್ನೋ, ಕೆಳಗೆ ಐಸ್. ಯಾವುದರಿಂದ ಶುರು ಮಾಡ್ಲಿ?

ಮೊದಲು ಹಿಂದೆ ಹೋಗಿ ಸೈಲೆನ್ಸರ್ ಪೈಪ್ ಸ್ನೋದಲ್ಲಿ ಮುಚ್ಚಿಹೋಗಿದ್ಯಾ ನೋಡಿ, ಮುಚ್ಚಿದ್ರೆ ಅದನ್ನ ಬಿಡಿಸಿ. ಇದು ಯಾಕೆ ಅಂತ ಕೆಳಗೆ ಹೇಳ್ತೀನಿ. ಆಮೇಲೆ ಒಳಗೆ ಕೂತು ವೈಪರ್ ಸ್ವಿಚ್ ಆಫ್‌ನಲ್ಲಿ ಇದೆ ಅಂತ ನೋಡ್ಕೊಂಡು ಎಂಜಿನ್ ಸ್ಟಾರ್ಟ್ ಮಾಡಿ, ಗ್ಲಾಸಿಗೆ ಬಿಸಿ ಗಾಳಿ ಊದೋ ಮುಂದಿನ ಡಿಫ್ರಾಸ್ಟ್ ಬಟನ್ ಒತ್ತಿ, ಹಿಂದಿನ ಗ್ಲಾಸಿನ ಬಟನ್ನೂ ಒತ್ತಿ, ಗಾಳಿ ಒಳಗಡೇನೆ ಸುತ್ತೋ ರೀಸರ್ಕ್ಯುಲೇಶನ್ ಬಟನ್ ಆನ್ ಇದ್ರೆ ಆಫ್ ಮಾಡಿ. ಅಷ್ಟು ಮಾಡಿ ಬ್ರಶ್ ತಗೊಂಡು ಹೊರಗೆ ಬನ್ನಿ.

ಗುಡಿಸೋದು ಯಾವಾಗ್ಲೂ ಮೇಲಿಂದ ಕೆಳಗೆ. ರೂಫ್ ಮೊದಲು, ಆಮೇಲೆ ಗ್ಲಾಸುಗಳು, ಆಮೇಲೆ ಬಾನೆಟ್, ಕೊನೆಗೆ ಲೈಟುಗಳು. ತುಂಬಾ ಜನ ಗ್ಲಾಸ್ ನೀಟಾಗಿ ಮಾಡ್ಕೊಂಡು ಆಮೇಲೆ ರೂಫ್ ಗುಡಿಸ್ತಾರೆ, ಮತ್ತೆ ಅದೆಲ್ಲಾ ಗ್ಲಾಸ್ ಮೇಲೇ ಬೀಳತ್ತೆ. ಬಾನೆಟ್ ಮತ್ತೆ ಗ್ಲಾಸ್ ಸೇರೋ ಜಾಗದಲ್ಲಿ, ವೈಪರ್ ಕೆಳಗಡೆ, ಗಾಳಿ ಒಳಗೆ ಹೋಗೋ ಜಾಲರಿ ಇರತ್ತೆ, ಅಲ್ಲಿ ತುಂಬಿರೋ ಸ್ನೋನೂ ತೆಗೀಬೇಕು. ಅದು ಮುಚ್ಚಿದ್ರೆ ಡಿಫ್ರಾಸ್ಟ್‌ಗೆ ಹೊರಗಿನ ಗಾಳೀನೇ ಸಿಗಲ್ಲ. ಇಷ್ಟು ಮಾಡೋ ಹೊತ್ತಿಗೆ ಒಳಗಿಂದ ಗ್ಲಾಸ್ ಸ್ವಲ್ಪ ಬೆಚ್ಚಗಾಗಿ ಐಸಿನ ಹಿಡಿತ ಸಡಿಲ ಆಗಿರತ್ತೆ, ಆಗ ಸ್ಕ್ರೇಪರ್ ಹಾಕಿ ಕೆರೆದ್ರೆ ಸುಲಭವಾಗಿ ಬರತ್ತೆ. ಸ್ಕ್ರೇಪರ್ ಪ್ಲಾಸ್ಟಿಕ್‌ದೇ ಆಗಿರ್ಲಿ. ಚಾಕು, ಸ್ಟೀಲ್ ಚಮಚ, ಅಡುಗೆಮನೆ ಮೊಗಚೋ ಕೈ ಇವೆಲ್ಲಾ ಬೇಡ, ಗ್ಲಾಸ್ ಮೇಲೆ ಗೀರು ಬಿದ್ರೆ ಅದು ಹೋಗಲ್ಲ, ರಾತ್ರಿ ಎದುರಿನ ಲೈಟ್ ಬಿದ್ದಾಗೆಲ್ಲ ಆ ಗೀರು ಮಿಂಚತ್ತೆ.

ಮಾಮೂಲಿ ದಿನ ಇದಕ್ಕೆಲ್ಲಾ ಹತ್ತು ನಿಮಿಷ ಸಾಕು. ಹಿಂದಿನ ರಾತ್ರಿ ಫ್ರೀಜಿಂಗ್ ರೇನ್ ಬಂದಿದ್ರೆ, ಅಂದ್ರೆ ಮಳೆ ನೀರು ಬಿದ್ದ ಕಡೆ ಬಿದ್ದ ಹಾಗೇ ಗಾಜಿನ ಥರ ಗಟ್ಟಿಯಾಗಿದ್ರೆ, ಅರ್ಧ ಗಂಟೆ ಇಟ್ಕೊಳ್ಳಿ.

ಟೈಮ್ ಇಲ್ಲ. ನನ್ನ ಕಣ್ಣಿನ ಮುಂದೆ ಮಾತ್ರ ಒಂದಿಷ್ಟು ಜಾಗ ಕೆರೆದ್ಕೊಂಡು ಹೊರಡ್ಲಾ?

ಬೇಡ. ದಯವಿಟ್ಟು ಬೇಡ. ಈ ಪೇಜಲ್ಲಿ ಬೇರೆ ಏನೂ ಓದದೆ ಇದ್ರೂ ಇದೊಂದನ್ನ ಓದಿ. ಆ ಸಣ್ಣ ಕಿಂಡಿಯಿಂದ ನಿಮಗೆ ಮುಂದಿನ ಕಾರ್ ಕಾಣತ್ತೆ, ಅದರಿಂದ ಎಲ್ಲಾ ಸರಿ ಇದೆ ಅನ್ನಿಸಿಬಿಡತ್ತೆ, ಆದ್ರೆ ಕ್ರಾಸಿಂಗ್‌ನಲ್ಲಿ ಪಕ್ಕದಿಂದ ಬರೋ ಮನುಷ್ಯ ಆ ಕಿಂಡಿ ಒಳಗೆ ಬರೋ ಹೊತ್ತಿಗೆ ನಿಮ್ಮ ಬಾನೆಟ್ ಮುಂದೆ ಇರ್ತಾನೆ. ಇಲ್ಲಿ ಜನವರಿ ಬೆಳಗ್ಗೆ ಮಕ್ಕಳು ಸ್ಕೂಲ್ ಬಸ್‌ಗೆ ಕಾಯೋ ಟೈಮಲ್ಲಿ ಎಷ್ಟೋ ಕಡೆ ಇನ್ನೂ ಕತ್ತಲೇ ಇರತ್ತೆ, ಮಕ್ಕಳು ಕಪ್ಪು ಜಾಕೆಟ್ ಹಾಕಿರ್ತಾರೆ, ಫುಟ್‌ಪಾತ್ ಮೇಲೆ ಸ್ನೋ ಗುಡ್ಡೆ ಹಾಕಿರೋದ್ರಿಂದ ರೋಡ್ ಮೇಲೇ ನಡ್ಕೊಂಡು ಬರ್ತಿರ್ತಾರೆ. ಎಡಕ್ಕೆ ತಿರುಗುವಾಗ ಸೈಡ್ ಗ್ಲಾಸೂ ಕ್ಲಿಯರ್ ಇರ್ಬೇಕು, ಮಿರರ್ರೂ ಕ್ಲಿಯರ್ ಇರ್ಬೇಕು.

ಕಾನೂನು ಪ್ರಕಾರಾನೂ ತಪ್ಪು. ಒಂಟಾರಿಯೋದಲ್ಲಿ ಮುಂದಿನ ಮತ್ತು ಪಕ್ಕದ ಗ್ಲಾಸುಗಳಿಂದ ಡ್ರೈವರ್‌ಗೆ ಸ್ಪಷ್ಟವಾಗಿ ಕಾಣೋ ಹಾಗಿರ್ಬೇಕು ಅಂತ ಹೈವೇ ಟ್ರಾಫಿಕ್ ಆಕ್ಟ್‌ನಲ್ಲೇ ಇದೆ. ಇಂಗ್ಲೆಂಡ್‌ನಲ್ಲಿ ಇರೋರಿಗೆ ಅಲ್ಲಿನ ಹೈವೇ ಕೋಡ್‌ನ 229ನೇ ನಿಯಮ ಎಲ್ಲಾ ಕಿಟಕಿಗಳ ಸ್ನೋ, ಐಸ್ ತೆಗೆದೇ ಹೊರಡಿ ಅನ್ನತ್ತೆ. ಅಲಾರಂ ಹದಿನೈದು ನಿಮಿಷ ಹಿಂದಕ್ಕೆ ಇಟ್ಕೊಳ್ಳಿ, ಬೇರೆ ದಾರಿ ಇಲ್ಲ.

ಬಿಸಿ ನೀರು ಸುರಿದ್ರೆ ಒಂದೇ ನಿಮಿಷದಲ್ಲಿ ಕರಗಲ್ವಾ?

ಕರಗತ್ತೆ, ಜೊತೆಗೆ ಗ್ಲಾಸೂ ಬಿರುಕು ಬಿಡಬಹುದು. ಮುಂದಿನ ಗ್ಲಾಸ್ ಅನ್ನೋದು ಎರಡು ಗಾಜಿನ ಹಾಳೆ, ಮಧ್ಯೆ ಒಂದು ಪ್ಲಾಸ್ಟಿಕ್ ಪದರ ಇಟ್ಟು ಅಂಟಿಸಿರೋದು. ಮೈನಸ್ 15 ಡಿಗ್ರಿಯಲ್ಲಿರೋ ಗಾಜಿಗೆ ಬಿಸಿ ನೀರು ಬಿದ್ರೆ ಬಿದ್ದ ಜಾಗ ಮಾತ್ರ ತಟ್ಟನೆ ಹಿಗ್ಗತ್ತೆ, ಸುತ್ತ ಹಾಗೇ ಕುಗ್ಗಿಕೊಂಡಿರತ್ತೆ. ಎಲ್ಲೋ ಒಂದು ಕಲ್ಲು ಬಡಿದು ಸಣ್ಣ ಚುಕ್ಕಿ ಆಗಿದ್ರೆ ಅಲ್ಲಿಂದಲೇ ಗೆರೆ ಓಡತ್ತೆ. ಗ್ಲಾಸ್ ಒಡೀದೆ ಇದ್ರೂ ಆ ನೀರು ಕೆಳಗೆ ಹರಿದು ವೈಪರ್ ಬುಡದಲ್ಲಿ, ಬಾಗಿಲ ಸಂದಿಯಲ್ಲಿ, ನೀವು ನಿಂತಿರೋ ನೆಲದ ಮೇಲೆ ಐಸ್ ಆಗತ್ತೆ. ಉಗುರು ಬೆಚ್ಚಗಿನ ನೀರೂ ಬೇಡ, ಅದೂ ಗ್ಲಾಸ್ ಮೇಲೇ ಮತ್ತೆ ಹೆಪ್ಪುಗಟ್ಟತ್ತೆ.

ಫೋನಲ್ಲಿ ಟೆಂಪರೇಚರ್ 2 ಡಿಗ್ರಿ ತೋರಿಸ್ತಿತ್ತು, ಸೊನ್ನೆಗೆ ಇಳಿದೇ ಇಲ್ಲ, ಆದ್ರೂ ಗ್ಲಾಸ್ ಮೇಲೆ ಐಸ್ ಹೇಗೆ ಬಂತು?

ಆಕಾಶ ತಿಳಿಯಾಗಿರೋ ರಾತ್ರಿ ಗ್ಲಾಸ್ ತನ್ನ ಬಿಸಿಯನ್ನ ನೇರವಾಗಿ ಆಕಾಶದ ಕಡೆ ಬಿಟ್ಕೊಡತ್ತೆ, ಹಾಗಾಗಿ ಸುತ್ತಲಿನ ಗಾಳಿಗಿಂತ ಗ್ಲಾಸೇ ಹೆಚ್ಚು ತಣ್ಣಗಾಗತ್ತೆ. ಗಾಳಿ 2 ಡಿಗ್ರಿ ಇದ್ರೂ ಗ್ಲಾಸ್ ಸೊನ್ನೆಗಿಂತ ಕೆಳಗೆ ಹೋಗಿರತ್ತೆ, ಗಾಳಿಯಲ್ಲಿರೋ ತೇವ ಅದರ ಮೇಲೆ ಕೂತು ಐಸ್ ಆಗತ್ತೆ. ನಮ್ಮಲ್ಲಿ ಡಿಸೆಂಬರ್‌ನಲ್ಲಿ ಬೆಳಗ್ಗೆ ಸ್ಕೂಟರ್ ಸೀಟ್ ಮೇಲೆ ಇಬ್ಬನಿ ನಿಂತಿರೋದೂ ಇದೇ ಕಾರಣಕ್ಕೆ, ಇಲ್ಲಿ ಚಳಿ ಜಾಸ್ತಿ ಅಷ್ಟೇ. ಅದಕ್ಕೇ ಕಾರ್‌ಪೋರ್ಟ್ ಕೆಳಗೆ ನಿಲ್ಲಿಸಿದ ಕಾರಿಗೆ ಐಸ್ ಹಿಡಿಯಲ್ಲ, ಬಯಲಲ್ಲಿ ನಿಲ್ಲಿಸಿದ್ದಕ್ಕೆ ಹಿಡಿಯತ್ತೆ. ಗರಾಜ್ ಇಲ್ದೆ ಇರೋರು ರಾತ್ರಿ ಒಂದು ವಿಂಡ್‌ಶೀಲ್ಡ್ ಕವರ್ ಹಾಕಿ ಎರಡೂ ಅಂಚನ್ನ ಬಾಗಿಲ ಒಳಗೆ ಸಿಕ್ಕಿಸಿ, ಬೆಳಗ್ಗೆ ಎಳೆದ್ರೆ ಮುಗೀತು. ಹಳೇ ಬೆಡ್‌ಶೀಟ್ ಹಾಕೋರು ಇದ್ದಾರೆ, ಅದು ಒದ್ದೆ ಆದ್ರೆ ಗ್ಲಾಸಿಗೇ ಅಂಟಿಕೊಂಡು ಹೆಪ್ಪುಗಟ್ಟತ್ತೆ, ಬೇಡ. ಸಾಧ್ಯ ಆದ್ರೆ ಮುಂಭಾಗ ಪೂರ್ವಕ್ಕೆ ಇರೋ ಹಾಗೆ ನಿಲ್ಲಿಸಿ, ಬೆಳಗಿನ ಬಿಸಿಲು ಸ್ವಲ್ಪ ಕೆಲಸ ಮಾಡಿಕೊಡತ್ತೆ.

ಹೊರಗೆಲ್ಲಾ ಕ್ಲೀನ್ ಮಾಡಿದೆ, ಆದ್ರೆ ನಾಲ್ಕು ಜನ ಕೂತ ತಕ್ಷಣ ಒಳಗಡೆ ಗ್ಲಾಸೆಲ್ಲಾ ಮಬ್ಬಾಗ್ತಿದೆ. ಏನ್ ಮಾಡೋದು?

ಅತೀ ಹೆಚ್ಚು ಕೇಳೋ ಪ್ರಶ್ನೆ ಇದು. ಇಲ್ಲಿ ನಮ್ಮೋರಿಗೆ ಗೊಂದಲ ಆಗೋಕೆ ಒಂದು ಕಾರಣ ಇದೆ. ಮಂಗಳೂರಲ್ಲೋ ಉಡುಪಿಯಲ್ಲೋ ಮಳೆಗಾಲದಲ್ಲಿ ಎಸಿ ಹಾಕ್ಕೊಂಡು ಹೋಗ್ತಿದ್ರೆ ಮಬ್ಬು ಕೂರೋದು ಗ್ಲಾಸಿನ ಹೊರಗಡೆ, ಯಾಕಂದ್ರೆ ಒಳಗೆ ತಂಪು, ಹೊರಗೆ ತೇವದ ಗಾಳಿ. ಇಲ್ಲಿ ತದ್ವಿರುದ್ಧ. ಹೊರಗೆ ಚಳಿ, ಒಳಗೆ ನಮ್ಮ ಉಸಿರಿನ ತೇವ, ಶೂಗೆ ಅಂಟ್ಕೊಂಡು ಬಂದು ಕರಗಿದ ಸ್ನೋ, ಒದ್ದೆ ಜಾಕೆಟ್, ಕೈಯಲ್ಲಿ ಬಿಸಿ ಕಾಫಿ. ಇಷ್ಟೂ ಆವಿ ಹೋಗಿ ತಣ್ಣಗಿರೋ ಗ್ಲಾಸ್ ಮೇಲೆ ಕೂರತ್ತೆ.

ಅಂದ್ರೆ ಒಳಗಿನ ತೇವ ಹೊರಗೆ ಹಾಕ್ಬೇಕು. ರೀಸರ್ಕ್ಯುಲೇಶನ್ ಆಫ್ ಇರ್ಲೇಬೇಕು, ಇದು ಮುಖ್ಯ. ಬೇಗ ಬೆಚ್ಚಗಾಗ್ಲಿ ಅಂತ ಅದನ್ನ ಆನ್ ಮಾಡಿ ಹಾಗೇ ಮರೆತುಬಿಟ್ರೆ ಅದೇ ಒದ್ದೆ ಗಾಳಿ ಸುತ್ತುತ್ತಾ ಇರತ್ತೆ. ಹೊರಗಿನ ಗಾಳಿ ಎಷ್ಟು ತಣ್ಣಗಿರತ್ತೋ ಅದರಲ್ಲಿ ನೀರಿನ ಅಂಶ ಅಷ್ಟು ಕಮ್ಮಿ, ಅದನ್ನ ಒಳಗೆ ತಂದು ಬಿಸಿ ಮಾಡಿದ್ರೆ ತುಂಬಾ ಒಣಗಿದ ಗಾಳಿ ಆಗತ್ತೆ, ಗ್ಲಾಸ್ ಮೇಲಿರೋ ತೇವವನ್ನ ಅದೇ ಹೀರ್ಕೊಳ್ಳತ್ತೆ. ಹೀಟರ್ ಬಿಸಿ, ಫ್ಯಾನ್ ಜೋರು, ದಿಕ್ಕು ಗ್ಲಾಸಿನ ಕಡೆ. ಜೊತೆಗೆ ಎಸಿ ಆನ್.

ಹೌದು, ಚಳಿಗಾಲದಲ್ಲೂ ಎಸಿ. ಎಸಿ ಒಳಗಿನ ತಣ್ಣನೆ ಕಾಯಿಲ್ ಮೇಲೆ ಗಾಳಿ ಹಾದುಹೋಗುವಾಗ ಅದರ ನೀರು ಅಲ್ಲೇ ಇಳಿದುಹೋಗತ್ತೆ, ಆಮೇಲೆ ಆ ಗಾಳಿ ಹೀಟರ್ ಮೇಲೆ ಹಾದು ಬಿಸಿಯಾಗಿ ಬರತ್ತೆ. ಹಾಗಾಗಿ ಎಸಿ ಹಾಕಿದ್ರೂ ನಿಮಗೆ ಬರೋದು ಬಿಸಿ ಗಾಳೀನೇ. ಎಷ್ಟೋ ಕಾರಲ್ಲಿ ಡಿಫ್ರಾಸ್ಟ್ ಒತ್ತಿದ್ರೆ ಎಸಿ ತಾನಾಗೇ ಆನ್ ಆಗೋದು ಇದಕ್ಕೇ. ಸೊನ್ನೆ ಡಿಗ್ರಿಯ ಆಸುಪಾಸು ಅಥವಾ ಅದಕ್ಕಿಂತ ಕೆಳಗೆ ಹೋದ್ರೆ ಸಾಮಾನ್ಯವಾಗಿ ಕಂಪ್ರೆಸರ್ ಓಡಲ್ಲ, ಆಗ ಹೊರಗಿನ ಒಣ ಗಾಳಿಯೇ ಸಾಕಾಗತ್ತೆ, ಚಿಂತೆ ಬೇಡ.

ಅರ್ಜೆಂಟ್‌ಗೆ ಎರಡು ಕಿಟಕಿ ಒಂದು ಬೆರಳಷ್ಟು ಇಳಿಸಿ, ತಕ್ಷಣ ತಿಳಿಯಾಗತ್ತೆ. ಹಿಂದೆ ಕೂತಿರೋ ಅಮ್ಮ "ಚಳಿ ಕಣೋ, ಏರಿಸೋ" ಅಂತಾರೆ, ಒಂದೇ ನಿಮಿಷ ಅಮ್ಮ ಅಂತ ಹೇಳಿ. ಕೈಯಿಂದ ಒರೆಸ್ಬೇಡಿ, ಕೈಯ ಎಣ್ಣೆ ಜಿಡ್ಡು ಗ್ಲಾಸಿಗೆ ಹತ್ತಿ ರಾತ್ರಿ ಎದುರಿನ ಲೈಟ್ ಬಿದ್ರೆ ಏನೂ ಕಾಣಲ್ಲ. ಒಂದು ಮೈಕ್ರೋಫೈಬರ್ ಬಟ್ಟೆ ಬಾಗಿಲಲ್ಲೇ ಇಟ್ಕೊಂಡಿರಿ.

ಅದನ್ನೆಲ್ಲಾ ಮಾಡಿದ್ರೂ ದಿನಾ ಮಬ್ಬಾಗ್ತಾನೇ ಇದೆ?

ಹಾಗಾದ್ರೆ ಕಾರಲ್ಲೇ ಎಲ್ಲೋ ನೀರು ಸೇರ್ಕೊಂಡಿದೆ. ಮ್ಯಾಟ್ ಎತ್ತಿ ಕೆಳಗಿನ ಕಾರ್ಪೆಟ್ ಮುಟ್ಟಿ ನೋಡಿ, ಒದ್ದೆ ಇದ್ರೆ ಪೂರ್ತಿ ಒಣಗಿಸ್ಬೇಕು. ಚಳಿಗಾಲಕ್ಕೆ ಬಟ್ಟೆ ಮ್ಯಾಟ್ ತೆಗೆದು ಅಂಚು ಎತ್ತರ ಇರೋ ರಬ್ಬರ್ ಮ್ಯಾಟ್ ಹಾಕಿ, ಅದರಲ್ಲಿ ನಿಂತ ನೀರನ್ನ ಮನೆಗೆ ಬಂದಮೇಲೆ ಚೆಲ್ಲಿ. ಕ್ಯಾಬಿನ್ ಫಿಲ್ಟರ್ ಧೂಳು, ಎಲೆ ತುಂಬಿ ಕಟ್ಟಿಕೊಂಡಿದ್ರೆ ಗಾಳಿ ಜೋರಾಗಿ ಬರಲ್ಲ, ತುಂಬಾ ಕಾರುಗಳಲ್ಲಿ ಅದು ಗ್ಲೋವ್ ಬಾಕ್ಸ್ ಹಿಂದೆ ಇರತ್ತೆ, ನೀವೇ ಬದಲಾಯಿಸಬಹುದು.

ಗ್ಲಾಸ್ ಮೇಲೆ ಜಿಡ್ಡಿನ ಥರ ಮಬ್ಬು ಕೂತು, ಒಳಗೆ ಸಿಹಿ ಸಿಹಿ ವಾಸನೆ ಬರ್ತಿದ್ರೆ ಅದು ಹೀಟರ್ ಕೋರ್ ಸೋರ್ತಿರೋ ಲಕ್ಷಣ, ಕೂಲಂಟ್ ಆವಿ ಅದು. ತಡ ಮಾಡದೆ ಮೆಕ್ಯಾನಿಕ್ ಹತ್ರ ತೋರಿಸಿ.

ಗ್ಲಾಸ್ ತೊಳೆಯೋ ವಾಶರ್ ದ್ರವದ ಬದಲು ಬರೀ ನೀರು ಹಾಕ್ತಿದ್ದೆ ಊರಲ್ಲಿ. ಇಲ್ಲಿ?

ಇಲ್ಲಿ ಬರೀ ನೀರು ಹಾಕಿದ್ರೆ ಟ್ಯಾಂಕಲ್ಲೇ ಐಸ್ ಆಗಿ ಟ್ಯಾಂಕ್ ಬಿರಿಯಬಹುದು, ಪಂಪ್ ಸುಟ್ಟುಹೋಗಬಹುದು. ಅಂಗಡಿಯಲ್ಲಿ ಸಿಗೋ ಬಾಟಲ್ ಮೇಲೆ ಎಷ್ಟು ಡಿಗ್ರಿವರೆಗೆ ಅಂತ ಬರೆದಿರತ್ತೆ, ಅದನ್ನ ಓದಿ ತಗೊಳ್ಳಿ. ಬೇಸಿಗೆಯಲ್ಲಿ ಹುಳ ಒರೆಸೋಕೆ ಅಂತ ಮಾರೋದು 32 ಫ್ಯಾರನ್‌ಹೀಟ್‌ಗೇ ಹೆಪ್ಪುಗಟ್ಟತ್ತೆ, ಅದೂ ಚಳಿಗಾಲದ್ದೂ ಒಂದೇ ಥರ ಬಾಟಲಲ್ಲಿ ಪಕ್ಕಪಕ್ಕ ಇಟ್ಟಿರ್ತಾರೆ. ಅಮೆರಿಕದಲ್ಲಿ ಸಾಮಾನ್ಯವಾಗಿ ಮೈನಸ್ 20 ಫ್ಯಾರನ್‌ಹೀಟ್, ಅಂದ್ರೆ ಸುಮಾರು ಮೈನಸ್ 29 ಸೆಲ್ಸಿಯಸ್‌ದು ಸಿಗತ್ತೆ. ಮಿನೆಸೋಟ, ವಿನಿಪೆಗ್ ಕಡೆ ಇರೋರು ಮೈನಸ್ 40ರದ್ದು ನೋಡಿ. ಉಳಿದಿರೋ ಹಳೇ ನೀರನ್ನ ಪೂರ್ತಿ ಖಾಲಿ ಮಾಡಿ ಆಮೇಲೆ ಹಾಕಿ, ಮಿಕ್ಸ್ ಆದ್ರೆ ಹೆಪ್ಪುಗಟ್ಟೋ ಮಟ್ಟ ಮೇಲಕ್ಕೆ ಬಂದ್ಬಿಡತ್ತೆ. ಜಾಸ್ತಿ ದಿನ ಬರ್ಲಿ ಅಂತ ನೀರು ಬೆರೆಸೋದೂ ಬೇಡ. ಹೈವೇಯಲ್ಲಿ ಐಸ್ ಕರಗ್ಲಿ ಅಂತ ರೋಡಿಗೆ ಹಾಕಿರೋ ಉಪ್ಪು ನೀರು ಎರಚುವಾಗ ಇದು ಎಷ್ಟು ಬೇಗ ಖಾಲಿ ಆಗತ್ತೆ ಅಂದ್ರೆ ನಂಬಲ್ಲ, ಡಿಕ್ಕಿಯಲ್ಲಿ ಒಂದು ಎಕ್ಸ್‌ಟ್ರಾ ಕ್ಯಾನ್ ಇರ್ಲೇಬೇಕು.

ಇನ್ನೊಂದು ಮಾತು, ಇದು ಮನೇಲಿ ಮಕ್ಕಳಿರೋರಿಗೆ. ಚಳಿಗಾಲಕ್ಕೆ ಮಾರೋ ಹೆಚ್ಚಿನ ವಾಶರ್ ದ್ರವಗಳಲ್ಲಿ ಮೆಥನಾಲ್ ಇರತ್ತೆ. ಊರಲ್ಲಿ ಕಳ್ಳಬಟ್ಟಿ ಕುಡಿದು ಕಣ್ಣು ಹೋಯ್ತು, ಪ್ರಾಣ ಹೋಯ್ತು ಅಂತ ಪೇಪರಲ್ಲಿ ಓದ್ತೀವಲ್ಲ, ಅಲ್ಲಿ ಪ್ರಾಣ ತೆಗೆಯೋ ವಿಷ ಇದೇ. ನೋಡೋಕೆ ಮಕ್ಕಳು ಕುಡಿಯೋ ನೀಲಿ ಜ್ಯೂಸ್ ಥರಾನೇ ಇರತ್ತೆ. ಬೇರೆ ಬಾಟಲಿಗೆ ಬಗ್ಗಿಸಿ ಇಡಬೇಡಿ, ಗರಾಜಲ್ಲಿ ಕೈಗೆಟುಕದ ಕಡೆ ಇಡಿ.

ಬಟನ್ ಒತ್ತಿದ್ರೆ ವಾಶರ್ ಬರ್ತಿಲ್ಲ, ಒಳಗೇ ಗಟ್ಟಿಯಾಗಿದೆ ಅನ್ಸತ್ತೆ.

ಒತ್ತುತ್ತಾ ಇರ್ಬೇಡಿ, ಪಂಪ್ ಹಾಳಾಗತ್ತೆ. ಯಾವುದಾದ್ರೂ ಬೆಚ್ಚಗಿನ ಪಾರ್ಕಿಂಗ್ ಗರಾಜಲ್ಲಿ ಕೆಲವು ಗಂಟೆ ಬಿಡಿ, ಕರಗಿದ ಮೇಲೆ ಪೂರ್ತಿ ಖಾಲಿ ಮಾಡಿ ಸರಿಯಾದ್ದು ತುಂಬಿಸಿ. ಅಲ್ಲೀತನಕ ದೂರ ಹೋಗ್ಬೇಡಿ.

ವೈಪರ್ ರಾತ್ರಿ ಎತ್ತಿ ನಿಲ್ಲಿಸ್ತಾರಲ್ಲ, ಅದು ಒಳ್ಳೇದಾ?

ಸ್ನೋ, ಐಸ್ ಬೀಳತ್ತೆ ಅಂತ ಗೊತ್ತಿದ್ರೆ ಒಳ್ಳೇದು, ರಬ್ಬರ್ ಗ್ಲಾಸಿಗೆ ಅಂಟಲ್ಲ. ಗಾಳಿ ಜೋರಿದ್ರೆ ಬೇಡ, ಅದು ರಪ್ ಅಂತ ಬಂದು ಹೊಡೆದ್ರೆ ಗ್ಲಾಸ್ ಬಿರುಕು ಬಿಡಬಹುದು. ಹೊಸ ಮಾಡೆಲ್‌ಗಳಲ್ಲಿ ವೈಪರ್ ಬಾನೆಟ್ ಅಂಚಿನೊಳಗೆ ಅಡಗಿರತ್ತೆ, ಎಳೆದು ಎತ್ತೋಕೆ ಹೋದ್ರೆ ಮುರಿಯತ್ತೆ, ಅದಕ್ಕೆ ವೈಪರನ್ನ ಗ್ಲಾಸ್ ಮೇಲಕ್ಕೆ ತಂದು ನಿಲ್ಲಿಸೋ ಸರ್ವೀಸ್ ಪೊಸಿಶನ್ ಅಂತ ಇರತ್ತೆ, ಕಾರಿನ ಪುಸ್ತಕದಲ್ಲಿ ನೋಡಿ.

ಕಾರ್ ಆಫ್ ಮಾಡೋ ಮುಂಚೆ ವೈಪರ್ ಆಫ್ ಮಾಡೋ ಅಭ್ಯಾಸ ಮಾಡ್ಕೊಳ್ಳಿ. ಆನ್‌ನಲ್ಲೇ ಬಿಟ್ರೆ ಬೆಳಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಐಸಿಗೆ ಅಂಟಿರೋ ವೈಪರ್ ಏಳೋಕೆ ನೋಡತ್ತೆ, ರಬ್ಬರ್ ಹರಿಯತ್ತೆ, ಫ್ಯೂಸ್ ಹೋಗತ್ತೆ, ಮೋಟರೇ ಹೋಗಬಹುದು. ಬ್ಲೇಡ್ ಗೆರೆ ಗೆರೆ ಬಿಡ್ತಿದ್ರೆ ನವೆಂಬರ್‌ಗೆ ಮುಂಚೆ ಬದಲಾಯಿಸಿ. ವಿಂಟರ್ ಬ್ಲೇಡ್ ಅಂತ ಬರತ್ತೆ, ಅದರ ಕೀಲುಗಳಿಗೆ ರಬ್ಬರ್ ಹೊದಿಕೆ ಇರತ್ತೆ, ಒಳಗೆ ಐಸ್ ಸೇರಲ್ಲ.

ಅಂದಹಾಗೆ ವೈಪರ್ ಅನ್ನೋ ವಸ್ತು ಹುಟ್ಟಿದ್ದೇ ಇಂಥ ಚಳಿಯಿಂದ. ಅಲಬಾಮಾದ ಮೇರಿ ಆಂಡರ್ಸನ್ ಅನ್ನೋ ಹೆಣ್ಣುಮಗಳು ನ್ಯೂಯಾರ್ಕ್‌ನ ಟ್ರಾಮಲ್ಲಿ ಹೋಗುವಾಗ, ಡ್ರೈವರ್ ಮುಂದಿನ ಗ್ಲಾಸ್ ತೆಗೆದು ಚಳಿ ಗಾಳಿಗೆ ಮುಖ ಕೊಟ್ಟು ಓಡಿಸ್ತಿದ್ದದ್ದನ್ನ ನೋಡಿ, ಒಳಗಿಂದಲೇ ಹಿಡಿ ತಿರುಗಿಸಿ ಒರೆಸೋ ಸಾಧನ ಮಾಡಿ 1903ರಲ್ಲಿ ಪೇಟೆಂಟ್ ತಗೊಂಡ್ರು. ಆಗ ಯಾವ ಕಂಪನಿಯೂ ಅದನ್ನ ಕೊಂಡುಕೊಳ್ಳಲಿಲ್ಲ ಅನ್ನೋದು ಬೇಜಾರಿನ ವಿಷಯ.

ಐಸ್ ಕರಗಿಸೋ ಸ್ಪ್ರೇ ಮನೇಲೇ ಮಾಡಬಹುದಾ?

ಮಾಡಬಹುದು. ಫಾರ್ಮಸಿಯಲ್ಲಿ ಸಿಗೋ 70 ಪರ್ಸೆಂಟ್ ರಬ್ಬಿಂಗ್ ಆಲ್ಕೋಹಾಲ್ ಎರಡು ಪಾಲು, ನೀರು ಒಂದು ಪಾಲು, ಸ್ಪ್ರೇ ಬಾಟಲಿಗೆ ಹಾಕಿ ಅಲ್ಲಾಡಿಸಿ. ಐಸ್ ಮೇಲೆ ಹೊಡೆದು ಒಂದು ನಿಮಿಷ ಬಿಟ್ಟು ಕೆರೆದ್ರೆ ಎದ್ದು ಬರತ್ತೆ. ತೆಳು ಐಸಿಗೆ ಚೆನ್ನಾಗಿ ಕೆಲಸ ಮಾಡತ್ತೆ, ದಪ್ಪ ಪದರಕ್ಕೆ ಸಾಲಲ್ಲ. ಬೆಂಕಿ ಹತ್ರ ಇಡಬೇಡಿ.

ವಿನೆಗರ್? ಉಪ್ಪು ನೀರು?

ಅಡುಗೆ ವಿನೆಗರಲ್ಲಿ ಸುಮಾರು 95 ಪರ್ಸೆಂಟ್ ನೀರೇ ಇರತ್ತೆ, ಸೊನ್ನೆಗಿಂತ ಒಂದೆರಡು ಡಿಗ್ರಿ ಕೆಳಗೆ ಹೋದ್ರೆ ಅದೂ ಗಟ್ಟಿಯಾಗತ್ತೆ. ಉಪ್ಪು ಪೇಂಟ್ ತಿನ್ನತ್ತೆ. ಎರಡೂ ಬೇಡ.

ರೂಫ್ ಮೇಲಿನ ಸ್ನೋ ಹಾಗೇ ಬಿಟ್ರೆ ಏನು? ಗಾಳಿಗೆ ತಾನೇ ಹಾರಿಹೋಗತ್ತಲ್ಲ.

ಹಾರಿ ಹಿಂದಿನ ಕಾರಿನ ಗ್ಲಾಸ್ ಮೇಲೆ ಬೀಳತ್ತೆ. ಹಗಲಲ್ಲಿ ಸ್ವಲ್ಪ ಕರಗಿ ರಾತ್ರಿ ಮತ್ತೆ ಗಟ್ಟಿಯಾದ ಸ್ನೋ ಅಂದ್ರೆ ಅದು ಐಸಿನ ಹಲಗೆ, ಅದು ಹೈವೇ ಸ್ಪೀಡಲ್ಲಿ ಎದ್ದು ಹೋಗಿ ಇನ್ನೊಬ್ಬರ ಗ್ಲಾಸ್ ಒಡೆದು ಜೀವ ತೆಗೆದಿರೋ ಘಟನೆಗಳು ಇವೆ. ಹಿಂದಕ್ಕೆ ಹೋಗದೆ ಇದ್ರೆ, ನೀವು ಸಿಗ್ನಲಲ್ಲಿ ಬ್ರೇಕ್ ಹಾಕಿದಾಗ ಪೂರ್ತಿ ರಾಶಿ ಜಾರಿ ನಿಮ್ಮ ಗ್ಲಾಸ್ ಮೇಲೇ ಬಂದು ಕೂರತ್ತೆ, ವೈಪರ್‌ಗೆ ಅದನ್ನ ತಳ್ಳೋ ಶಕ್ತಿ ಇರಲ್ಲ, ನೀವು ನಡುರೋಡಲ್ಲಿ ಕುರುಡಾಗಿ ಕೂತಿರ್ತೀರ.

ನ್ಯೂಜೆರ್ಸಿಯಲ್ಲಿ ಸ್ನೋ ತೆಗೀದೆ ಓಡಿಸಿದ್ರೆ ಏನೂ ಆಗದೆ ಇದ್ರೂ 25ರಿಂದ 75 ಡಾಲರ್ ದಂಡ, ಯಾರಿಗಾದ್ರೂ ಪೆಟ್ಟಾದ್ರೆ ಅಥವಾ ನಷ್ಟ ಆದ್ರೆ 200ರಿಂದ 1000 ಡಾಲರ್. ಪೆನ್ಸಿಲ್ವೇನಿಯಾದಲ್ಲಿ 2022ರಿಂದ ಸ್ನೋ ನಿಂತ 24 ಗಂಟೆ ಒಳಗೆ ತೆಗೀಬೇಕು ಅಂತ ಕಾನೂನು ಇದೆ, ತಪ್ಪಿದ್ರೆ 50 ಡಾಲರ್. ಎಸ್‌ಯುವಿ ಇರೋರು ಉದ್ದ ಹಿಡಿಯ ಬ್ರಶ್ ತಗೊಳ್ಳಿ, ಇಲ್ಲಾಂದ್ರೆ ರೂಫ್ ಮಧ್ಯಕ್ಕೆ ಕೈ ಸಿಗಲ್ಲ.

ಗರಾಜ್ ಒಳಗೇ ಸ್ಟಾರ್ಟ್ ಮಾಡಿ ಬೆಚ್ಚಗಾಗೋಕೆ ಬಿಡಲಾ?

ಪೆಟ್ರೋಲ್ ಕಾರನ್ನ ಗರಾಜಲ್ಲಿ ಓಡಿಸ್ತಾ ಬಿಡಲೇಬೇಡಿ, ಶಟರ್ ತೆಗೆದಿದ್ರೂ ಬೇಡ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಬಾಗಿಲ ಸಂದಿಯಿಂದ ಮನೆ ಒಳಗೆ ಬರತ್ತೆ. ಮೊದಲೇ ಹೇಳಿದ ಸೈಲೆನ್ಸರ್ ಪೈಪ್ ವಿಷಯವೂ ಇದೇ: ಪೈಪ್ ಸ್ನೋದಲ್ಲಿ ಮುಚ್ಚಿದ್ದಾಗ ಎಂಜಿನ್ ಓಡ್ತಿದ್ರೆ ಹೊಗೆ ಕಾರಿನೊಳಕ್ಕೇ ಬರತ್ತೆ. ನೀವು ಹೊರಗೆ ಸ್ನೋ ಗುಡಿಸ್ತಾ, ಮಕ್ಕಳನ್ನ ಬೆಚ್ಚಗಿರ್ಲಿ ಅಂತ ಒಳಗೆ ಕೂರಿಸಿದ್ರೆ ಏನಾಗಬಹುದು ಯೋಚನೆ ಮಾಡಿ. ಪೈಪ್ ಬಿಡಿಸದೆ ಮಕ್ಕಳನ್ನ ಕೂರಿಸ್ಬೇಡಿ.

ಹೊರಗೆ ನಿಲ್ಲಿಸಿ ಓಡಿಸೋದಕ್ಕೂ ಊರೂರಿಗೆ ನಿಯಮ ಬೇರೆ. ಮಿಶಿಗನ್‌ನಲ್ಲಿ 2017ರಿಂದ ಸ್ವಂತ ಡ್ರೈವ್‌ವೇಯಲ್ಲಿ ಬಿಡಬಹುದು. ಯಾವ ಊರಾದ್ರೂ ಬೀಗ ಹಾಕದೆ ಓಡ್ತಿರೋ ಕಾರ್ ಬಿಟ್ಟು ಒಳಗೆ ಹೋಗಬೇಡಿ, ಕಳ್ಳರು ಕಾಯೋದೇ ಅದಕ್ಕೆ. ರಿಮೋಟ್ ಸ್ಟಾರ್ಟ್ ಇದ್ರೆ ಹಿಂದಿನ ರಾತ್ರಿ ಇಳಿಯೋ ಮುಂಚೆ ಡಿಫ್ರಾಸ್ಟ್‌ಗೆ ಹಾಕಿಟ್ಟು ಆಫ್ ಮಾಡಿ.

ಎಲೆಕ್ಟ್ರಿಕ್ ಕಾರಿಗೆ?

ಚಾರ್ಜರ್‌ಗೆ ಸಿಕ್ಕಿಸಿರೋವಾಗ್ಲೇ ಆ್ಯಪಲ್ಲಿ ಹೊರಡೋ ಟೈಮ್ ಹಾಕಿ, ಬ್ಯಾಟರಿ ಖರ್ಚಾಗದೆ ಗೋಡೆ ಕರೆಂಟಲ್ಲೇ ಗ್ಲಾಸ್ ಕರಗಿರತ್ತೆ. ಹೊಗೆ ಇಲ್ಲದ್ದರಿಂದ ಗರಾಜಲ್ಲೂ ಮಾಡಬಹುದು.

ಹೈವೇಯಲ್ಲಿ ಹೋಗ್ತಾ ಹೋಗ್ತಾ ವೈಪರ್ ಮೇಲೇ ಐಸ್ ಕಟ್ಟಿ ಕಾಣದ ಹಾಗಾದ್ರೆ?

ಡಿಫ್ರಾಸ್ಟ್ ಪೂರ್ತಿ ಬಿಸಿ, ಪೂರ್ತಿ ಫ್ಯಾನ್. ಕಾಲಿಗೆ ಬರೋ ಗಾಳಿ ನಿಲ್ಲಿಸಿ, ಇರೋದೆಲ್ಲಾ ಗ್ಲಾಸಿಗೆ ಹೋಗ್ಲಿ. ಗ್ಲಾಸ್ ತಣ್ಣಗಿರೋವಾಗ ಸ್ಪೀಡಲ್ಲಿ ವಾಶರ್ ಹೊಡೀಬೇಡಿ, ಅದರ ಆಲ್ಕೋಹಾಲ್ ಗಾಳಿಗೆ ಹಾರಿಹೋಗಿ ಉಳಿದ ನೀರು ಒಂದೇ ಕ್ಷಣದಲ್ಲಿ ಬಿಳಿ ಪರದೆ ಆಗಿಬಿಡತ್ತೆ. ಬೆಚ್ಚಗಾದ ಮೇಲೆ ಹೊಡೀರಿ. ಲಾರಿ ಓವರ್‌ಟೇಕ್ ಮಾಡೋ ಮುಂಚೆ ವೈಪರ್ ಜೋರು ಮಾಡ್ಕೊಳ್ಳಿ, ಅದರ ಚಕ್ರದಿಂದ ಬರೋ ಉಪ್ಪು ಕೆಸರು ಕೆಲವು ಸೆಕೆಂಡ್ ಪೂರ್ತಿ ಮುಚ್ಚಿಬಿಡತ್ತೆ. ಅದಕ್ಕೂ ಆಗ್ಲಿಲ್ಲ ಅಂದ್ರೆ ಮುಂದಿನ ಎಕ್ಸಿಟ್ ತಗೊಂಡು ಯಾವುದಾದ್ರೂ ಪೆಟ್ರೋಲ್ ಬಂಕಲ್ಲಿ ನಿಲ್ಲಿಸಿ ಬ್ಲೇಡ್ ಬಡಿದು ಐಸ್ ಉದುರಿಸಿ. ಹೈವೇ ಪಕ್ಕದಲ್ಲಿ ಇಳಿದು ಮಾಡೋದು ತುಂಬಾ ಅಪಾಯ.

ಲೇಕ್ ಎಫೆಕ್ಟ್ ಸ್ನೋ ಬರೋ ಬಫಲೋ, ಪಶ್ಚಿಮ ಮಿಶಿಗನ್ ಕಡೆ ಇರೋರು ಇನ್ನೂ ಹುಷಾರು. ಬೆಚ್ಚಗಿರೋ ಸರೋವರದ ಮೇಲೆ ಚಳಿ ಗಾಳಿ ಹಾದು ತೇವ ಎತ್ಕೊಂಡು ಬಂದು ದಡದಲ್ಲಿ ಸುರಿಯತ್ತೆ, ಒಂದು ಮೈಲಿ ಬಿಸಿಲು, ಮುಂದಿನ ಮೈಲಿ ಏನೂ ಕಾಣಲ್ಲ. 2022ರ ನವೆಂಬರಲ್ಲಿ ಬಫಲೋ ಪಕ್ಕದ ಊರುಗಳಲ್ಲಿ ಒಂದೇ ಹೊಡೆತಕ್ಕೆ 6 ಅಡಿಗಿಂತ ಜಾಸ್ತಿ ಬಿತ್ತು. ಟ್ರಾವೆಲ್ ಬ್ಯಾನ್ ಅಂತ ಹಾಕಿದ್ರೆ ಮನೇಲಿರಿ.

ಬಿಸಿಲಿದ್ರೂ ಯಾಕೆ ಕಣ್ಣು ಕುಕ್ಕತ್ತೆ?

ಚಳಿಗಾಲದಲ್ಲಿ ಸೂರ್ಯ ಕೆಳಗೇ ಇರ್ತಾನೆ, ಜೊತೆಗೆ ಹೊರಗೆ ಉಪ್ಪಿನ ಬಿಳಿ ಪದರ, ಒಳಗೆ ಡ್ಯಾಶ್‌ಬೋರ್ಡ್ ಪ್ಲಾಸ್ಟಿಕ್‌ನಿಂದ ಏಳೋ ಜಿಡ್ಡು. ಒಳಗಿನ ಮೈಯನ್ನ ವಾರಕ್ಕೊಮ್ಮೆ ಗ್ಲಾಸ್ ಕ್ಲೀನರ್ ಹಾಕಿ ಒರೆಸಿ, ಮಬ್ಬು ಹಿಡಿಯೋದೂ ಕಮ್ಮಿಯಾಗತ್ತೆ. ಗ್ಲಾಸಿನ ಮೇಲ್ಗಡೆ ಮಿರರ್ ಹಿಂದೆ ಕ್ಯಾಮೆರಾ ಇದ್ರೆ ಅದರ ಮುಂದಿನ ಜಾಗಾನೂ ಕ್ಲೀನ್ ಇರ್ಲಿ, ಇಲ್ಲಾಂದ್ರೆ ಲೇನ್ ಅಸಿಸ್ಟ್, ಆಟೋ ಬ್ರೇಕ್ ಕೆಲಸ ಮಾಡಲ್ಲ.

ಸಣ್ಣ ಕಲ್ಲೇಟಿನ ಚುಕ್ಕಿ ಇದೆ, ಮಾರ್ಚ್‌ವರೆಗೆ ಬಿಡಬಹುದಾ?

ಬಿಡಬೇಡಿ. ಚುಕ್ಕಿಯೊಳಗೆ ನೀರು ಸೇರಿ ಹೆಪ್ಪುಗಟ್ಟಿ ಹಿಗ್ಗತ್ತೆ, ಒಳಗಿಂದ ಹೀಟರ್ ಬಿಸಿ ಬೇರೆ. ಸಣ್ಣದಿರುವಾಗ ರೆಸಿನ್ ತುಂಬಿಸಿ ರಿಪೇರಿ ಮಾಡ್ತಾರೆ, ಎಷ್ಟೋ ಇನ್ಶೂರೆನ್ಸಲ್ಲಿ ಅದಕ್ಕೆ ಕೈಯಿಂದ ಏನೂ ಕೊಡಬೇಕಾಗಲ್ಲ, ಫೋನ್ ಮಾಡಿ ಕೇಳಿ. ಗೆರೆ ಉದ್ದ ಆಯ್ತು ಅಂದ್ರೆ ಪೂರ್ತಿ ಗ್ಲಾಸ್ ಬದಲಾಯಿಸ್ಬೇಕು, ಕ್ಯಾಮೆರಾ ಇರೋ ಕಾರಾದ್ರೆ ಅದನ್ನ ಮತ್ತೆ ಕ್ಯಾಲಿಬ್ರೇಟ್ ಮಾಡಿಸೋ ಖರ್ಚೂ ಸೇರತ್ತೆ.

ಡಿಸೆಂಬರಲ್ಲಿ ಊರಿಗೆ ಬಂದಾಗ ಇದೇ ರೂಢಿ ಇಟ್ಕೋಬಹುದಾ?

ಮಡಿಕೇರಿ ಕಡೆಯೋ ಚಾರ್ಮಾಡಿ ಘಾಟಿಯಲ್ಲೋ ಬೆಳಗಿನ ಜಾವ ಗ್ಲಾಸ್ ಮಬ್ಬಾದ್ರೆ ಮೊದಲು ಒಳಗಿಂದ ಒಂದು ಬೆರಳು ಎಳೆದು ನೋಡಿ. ಗೆರೆ ಮೂಡಿದ್ರೆ ಮಬ್ಬು ಒಳಗಿದೆ, ಮೇಲೆ ಹೇಳಿದ್ದೇ ಮಾಡಿ. ಗೆರೆ ಮೂಡದೆ ಇದ್ರೆ ಹೊರಗಿದೆ, ವೈಪರ್ ಒಂದು ಸಲ ಆಡಿಸಿ, ಎಸಿಯ ತಂಪು ಕಮ್ಮಿ ಮಾಡಿ, ಗಾಳಿಯನ್ನ ಗ್ಲಾಸ್ ಕಡೆಯಿಂದ ಬೇರೆ ಕಡೆ ತಿರುಗಿಸಿ. ಗ್ಲಾಸ್ ತಿಳಿಯಾಗಿದ್ದೂ ಎದುರಿಗೆ ಬಿಳೀ ಗೋಡೆ ಥರ ಕಾಣ್ತಿದ್ರೆ ಅದು ರೋಡ್ ಮೇಲಿನ ಮಂಜು, ಹೈಬೀಮ್ ಹಾಕಿದ್ರೆ ಬೆಳಕು ವಾಪಸ್ ಕಣ್ಣಿಗೇ ಹೊಡೆಯತ್ತೆ. ಲೋ ಬೀಮ್ ಹಾಕ್ಕೊಂಡು ನಿಧಾನಕ್ಕೆ ಹೋಗಿ, ತಿರುವಿನಲ್ಲಿ ಹಾರ್ನ್ ಮಾಡಿ, ತೀರಾ ಕಾಣದೆ ಇದ್ರೆ ರೋಡ್ ಬಿಟ್ಟು ಎಲ್ಲಾದ್ರೂ ಹೋಟೆಲ್ ಹತ್ರ ನಿಲ್ಲಿಸಿ ಬಿಸಿಲು ಏರೋವರೆಗೆ ಕಾಯಿರಿ.